ಊಟದ ಮೇಜಿನ ಮೇಲೆ ಅರ್ಧ ತಿಂಗಳು

ಮೆರಾಹಿಗೆ ನಲವತ್ತೆಂಟು ತುಂಬಿತ್ತು. ಮೊದಲ ಗಂಡ ತೀರಿಕೊಂಡು ಹದಿನೆಂಟು ವರ್ಷದ ಮೇಲೆ ತೆಪಾನೊ ಎಂಬ ಒಳ್ಳೆ ಮನುಷ್ಯ ಸಿಕ್ಕಿದ್ದ. ಕುದುರೆ ಸಾಕುವವನು, ಮಾತು ಕಡಿಮೆ, ನಗು ಜಾಸ್ತಿ, ಅವಳು ಬೈದರೆ ಟೋಪಿ ತೆಗೆದು ಕೇಳಿಸಿಕೊಳ್ಳುವಂಥವನು. ಇಂಥವನು ಮತ್ತೆ ಸಿಗುತ್ತಾನಾ? ಅವನು ಒಪ್ಪಿದ್ದ, ಇವಳು ಒಪ್ಪಿದ್ದಳು, ಪಾದ್ರಿಗಳು ಒಪ್ಪಿದ್ದರು, ಚಿಲಿಗೆ ಸೇರಿದ ಆ ಪುಟ್ಟ ದ್ವೀಪದ ಹಂಗಾ ರೊವಾ ಊರಿಗೆ ಊರೇ ಒಪ್ಪಿ, ಮದುವೆಗೆ ಏನು ಉಡುವುದು ಅಂತ ಯೋಚಿಸಿಯೂ ಆಗಿತ್ತು. ಆದರೂ ಮೂರು ವರ್ಷದಿಂದ ಮದುವೆಗೆ ಒಂದು ದಿನ ಅಂತ ಸಿಕ್ಕಿರಲಿಲ್ಲ.

ದಿನ ಸಿಗದಂತೆ ಮಾಡಿದ್ದು ಅವಳಮ್ಮ ಪರಪಿನಾ ಮತ್ತು ಸೋದರಮಾವ ಪಪಿಯಾನೊ. ಅಕ್ಕನಿಗೆ ಎಪ್ಪತ್ತನಾಲ್ಕು, ತಮ್ಮನಿಗೆ ಎಪ್ಪತ್ತೊಂದು. ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಇವರನ್ನು ಬಿಟ್ಟು ಮದುವೆಯಾಗಬಹುದಿತ್ತಲ್ಲ ಅನ್ನುವವರು ಮೆರಾಹಿಯನ್ನು ಬಲ್ಲವರಲ್ಲ. ಅಮ್ಮ ಹೆತ್ತವಳು. ಮಾವ ಅಪ್ಪನ ಜಾಗದಲ್ಲಿ ನಿಂತು, ಈಜು ಕಲಿಸಿ, ಕುದುರೆ ಹತ್ತಿಸಿ, ಬಿದ್ದಾಗ ನಕ್ಕು, ಆಮೇಲೆ ಎತ್ತಿಕೊಂಡು ಸಾಕಿದವನು. ನೆಲ ಅಗೆದು ಕಲ್ಲು ಕಾಯಿಸಿ ಬಾಳೆ ಎಲೆ ಹೊದಿಸಿ ಬೇಯಿಸುವ ಉಮುವಿಗೆ ಬೆಂಕಿ ಇಡಬೇಕಾದವನು ಮಾವ. ಶುಭಕ್ಕೆಂದು ಅದರೊಳಗೆ ಬಿಳಿ ಹುಂಜ ಇಡಬೇಕಾದವಳು ಅಮ್ಮ. ಇಬ್ಬರೂ ಒಂದೇ ಗುಂಡಿಯ ಹತ್ತಿರ ನಿಲ್ಲದೆ ಅವಳಿಗೆ ಮದುವೆ ಬೇಡವಾಗಿತ್ತು. ಹಟಮಾರಿತನದಲ್ಲಿ ಅವಳೂ ಆ ಮನೆಯವಳೇ ತಾನೆ.

ಜಗಳದ ಬೇರು ಅಡುಗೆಮನೆಯ ಮೇಜಿನಲ್ಲಿತ್ತು. ಮೆರಾಹಿಯ ತಾತ, ಅಂದರೆ ಈ ಅಕ್ಕ ತಮ್ಮನ ಅಪ್ಪ ತಿಮೊತೆಯೊ ಮರ ಕೆತ್ತುವವನು. ರೊಂಗೊರೊಂಗೊ, ಅಂದರೆ ಹಿರಿಯರು ಹಲಗೆಗಳ ಮೇಲೆ ಕೊರೆದಿಟ್ಟ ಆ ಹಕ್ಕಿ, ಮೀನು, ಕೈಯೆತ್ತಿದ ಮನುಷ್ಯ, ಬಾಗಿದ ಚಂದ್ರರ ಬರಹ, ಅವನಿಗೆ ಹುಚ್ಚು. ಓದಬಲ್ಲವರು ಸತ್ತು ನೂರೈವತ್ತು ವರ್ಷವಾಗಿದೆ. ಮೂಲ ಹಲಗೆಗಳೆಲ್ಲ ಹಡಗು ಹತ್ತಿ ದೂರದೂರದ ಗಾಜಿನ ಪೆಟ್ಟಿಗೆಗಳನ್ನು ಸೇರಿವೆ. ಒಂದು ಹಲಗೆಯ ಒಂದಷ್ಟು ಸಾಲು ಮಾತ್ರ ಚಂದ್ರನ ಇರುಳುಗಳ ಲೆಕ್ಕ ಇರಬೇಕು ಅಂತ ಪಂಡಿತರು ಹೇಳುತ್ತಾರೆ, ಅದೂ ಬರೀ ‘ಇರಬೇಕು’. ತಿಮೊತೆಯೊಗೆ ಆ ಇರಬೇಕು ಗಿರಬೇಕು ಯಾವುದೂ ಬೇಕಿರಲಿಲ್ಲ. ತನ್ನ ಅಜ್ಜಿ ಹೇಳಿಕೊಟ್ಟ ಇರುಳುಗಳ ಹೆಸರನ್ನು ಆ ಗುರುತುಗಳಿಗೆ ತಾನೇ ಅಂಟಿಸಿ, ಹಳೆ ಪದ್ಧತಿ ಒಂಚೂರೂ ಬಿಡದೆ, ಊಟದ ಮೇಜಿನ ಮೇಲೆ ಆರು ಉದ್ದ ಸಾಲು ಕೊರೆದುಬಿಟ್ಟ. ಸಾಲಿಗೆ ಐದು ಇರುಳು. ಉದ್ದದ ಯಾವ ಬದಿಗೆ ಕೂತು ನೋಡಿದರೂ ಅರ್ಧ ಹಕ್ಕಿಗಳು ತಲೆಕೆಳಗಾಗಿ ಕಾಣುತ್ತಿದ್ದವು.

ಮಕ್ಕಳಿಬ್ಬರೂ ಎದುರುಬದುರು ಕೂರುತ್ತಿದ್ದರು. ತಮ್ಮ ಮುಂದಿರುವುದನ್ನು ಒಪ್ಪಿಸಿದ ಮೇಲೇ ತಟ್ಟೆಗೆ ಮೀನು. ಮೊದಲು ಪರಪಿನಾ ಒಪ್ಪಿಸಿ, ಮೀನು ಪಡೆದು, ತಲೆ ತಗ್ಗಿಸಿ ಮುಳ್ಳು ಬಿಡಿಸಲು ಕೂತರೆ ಪಪಿಯಾನೊ ಏನು ಒಪ್ಪಿಸಿದ ಅನ್ನುವುದು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಒಪ್ಪಿಸುವಾಗ ಪಪಿಯಾನೊನ ಕಣ್ಣು ಕಿವಿ ಎಲ್ಲ ಮೀನಿನ ಮೇಲೆ. ಅತ್ತಿತ್ತ ನೋಡಿದರೆ ತಿಮೊತೆಯೊ ಮರದ ಚಮಚದಿಂದ ಮೇಜು ಕುಟ್ಟಿ, ನಿಮ್ಮ ನಿಮ್ಮ ಮುಂದಿರೋದನ್ನ ನೋಡಿ, ಇನ್ನೊಬ್ಬರ ಪಾಲಿಗೆ ಕಣ್ಣು ಹಾಕಬೇಡಿ ಅಂತ ಗದರುತ್ತಿದ್ದ. ಒಳ್ಳೆ ಬುದ್ಧಿಯೇ. ಆದರೆ ಎಲ್ಲಿ ಹೇಳಬಾರದೋ ಅಲ್ಲಿ ಹೇಳಿಬಿಟ್ಟ.

ಅವನು ಇರುವ ತನಕ ತೊಂದರೆಯಾಗಲಿಲ್ಲ. ಯಾವಾಗ ಏನು ಮಾಡಬೇಕು ಅಂತ ಅವನೇ ಹೇಳುತ್ತಿದ್ದ. ಅವನು ಹೋದ ಮೇಲೆ ಅವನ ಹೆಸರಿನ ವರ್ಷದ ಉಮು ಯಾವಾಗ ಅನ್ನುವ ಮಾತು ಬಂತು. ಪರಪಿನಾ ಒಂದು ಇರುಳು ಹೇಳಿದಳು, ಪಪಿಯಾನೊ ಇನ್ನೊಂದು. ನೀನು ಹೇಳೋ ಇರುಳು ಅಪ್ಪನ ಲೆಕ್ಕದಲ್ಲೇ ಇಲ್ಲ ಅಂತ ಅವಳು, ನಿನ್ನದೇ ಇಲ್ಲ ಅಂತ ಅವನು. ಕೊನೆಗೆ ಇಬ್ಬರೂ ಬೇರೆ ಬೇರೆ ಉಮು ಹಾಕಿದರು. ಅಕ್ಕನ ಮನೆಯಲ್ಲಿ ಊರೆಲ್ಲ ಕಂಠಮಟ್ಟ ತಿಂದಿತು. ಮೂರು ದಿನದ ಮೇಲೆ ತಮ್ಮನ ಉಮುವಿಗೆ ಮರ್ಯಾದೆಗೆ ಬಂದವರು ಎರಡೆರಡು ತುತ್ತು ಬಾಯಿಗಿಟ್ಟು ಹೊಟ್ಟೆ ಸವರಿಕೊಂಡು ಹೊರಟರು. ಆಳುದ್ದದ ಟೂನಾ ಮೀನು ನಾಯಿಗಳ ಪಾಲಾಯಿತು. ಇನ್ನು ಆ ಮೇಜಿಗೆ ಕೂತರೆ ಕೇಳು ಅಂತ ಪಪಿಯಾನೊ ಹೇಳಿ ಹೋದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಅಲ್ಲಿಂದ ಇಬ್ಬರದೂ ಬೇರೆ ಬೇರೆ ಪಂಚಾಂಗ. ತಿಂಗಳಿಗೆ ಇಬ್ಬರಿಗೂ ಹದಿನೈದೇ ಇರುಳು, ಉಳಿದವು ಖಾಲಿ. ಪಪಿಯಾನೊನ ಪಂಚಾಂಗದಲ್ಲಿ ಹುಣ್ಣಿಮೆ ಅನ್ನುವುದೇ ಇರಲಿಲ್ಲ. ಚಂದ್ರ ಗುಂಡಗೆ ಬೆಳಗುತ್ತಿದ್ದರೆ ಅವನು ಕಿಟಕಿ ಪರದೆ ಎಳೆದು, ಇವತ್ತು ಏನೂ ಇಲ್ಲ ಅಂತ ಮಲಗುತ್ತಿದ್ದ. ಪರಪಿನಾಗೆ ಬಿದಿಗೆ ಚಂದ್ರ ಇರಲಿಲ್ಲ. ಪಡುವಣದಲ್ಲಿ ಆ ತೆಳು ಗೆರೆ ಕಂಡರೆ ಕಣ್ಣಿನ ಪೊರೆ ಜಾಸ್ತಿಯಾಗಿದೆ ಅನ್ನುತ್ತಿದ್ದಳು. ಊರಿನವರು ಮೊಬೈಲ್ ನೋಡಿಕೊಂಡು ಸುಖವಾಗಿದ್ದರು.

ಮದುವೆಗೆ ಪಪಿಯಾನೊ ಹೇಳಿದ ಇರುಳು ರಾಕಾಉ, ಹುಣ್ಣಿಮೆಯ ಹಿಂದಿನದು. ಪರಪಿನಾ ಹೇಳಿದ್ದು ಓಮೊತೊಹಿ, ಅಂದರೆ ಹುಣ್ಣಿಮೆಯೇ. ಒಂದು ಇರುಳಿನ ಲೆಕ್ಕ ಹೊತ್ತು ಮುಳುಗಿದಲ್ಲಿಂದ ಮರುದಿನ ಹೊತ್ತು ಮುಳುಗುವವರೆಗೆ; ನಡುವೆ ಒಂದೇ ಒಂದು ಸೂರ್ಯಾಸ್ತದ ಅಂತರ! ಒಂದು ದಿನ ಅತ್ತಿತ್ತ ಆದರೇನು ಅಂತ ಮೆರಾಹಿ ಕಾಲು ಹಿಡಿಯುವುದೊಂದು ಬಾಕಿ. ಖಾಲಿ ಇರುಳಲ್ಲಿ ಮದುವೆಯಾದರೆ ಮನೆ ಖಾಲಿಯಾಗುತ್ತೆ ಅಂತ ಇಬ್ಬರೂ ಅಕ್ಷರ ಬಿಡದೆ ಒಂದೇ ಮಾತು ಹೇಳುತ್ತಿದ್ದರು. ಮದುವೆಗೆಂದು ತಂದ ಬಿಳಿ ಹುಂಜಕ್ಕೆ ಮೂರು ವರ್ಷ ವಯಸ್ಸಾಗಿ, ಅದು ತೆಪಾನೊನನ್ನು ನೋಡಿದರೆ ಓಡಿಬರುವಷ್ಟು ಬಳಕೆಯಾಗಿತ್ತು.

ಹೀಗಿರುವಾಗ ಎಸ್ಬೆನ್ ಬಂದ. ಡೆನ್ಮಾರ್ಕಿನವನು, ಬಾಗಿಲಿಗಿಂತ ಎತ್ತರ, ಮೂಗು ಬಿಸಿಲಿಗೆ ಸುಲಿದು ಕೆಂಪಗಾಗಿತ್ತು. ಮೆರಾಹಿ ಹಿಂದಿನ ಕೋಣೆಯನ್ನು ಪ್ರವಾಸಿಗರಿಗೆ ಕೊಡುತ್ತಿದ್ದಳು. ಅಲ್ಲಿ ಇಳಿದುಕೊಂಡವನು ಬೆಳಗ್ಗೆ ಕಾಫಿಗೆ ಬಂದು ಮೇಜು ನೋಡಿ ಕಾಫಿ ಮರೆತ. ಈ ಬರಹವೆಲ್ಲ ಶುಕ್ರಗ್ರಹದ ಓಡಾಟದ ಲೆಕ್ಕ ಅನ್ನುವುದು ಅವನ ಸಿದ್ಧಾಂತ. ಇದು ನಮ್ಮ ತಾತ ಕೊರೆದದ್ದು, ಹಳೆಯದಲ್ಲ ಅಂತ ಮೆರಾಹಿ ನಾಲ್ಕು ಸಲ ಹೇಳಿದರೂ, ಪರಂಪರೆ ಪರಂಪರೆ ಅನ್ನುತ್ತ ಭೂತಗನ್ನಡಿ ಹಿಡಿದು ಕೂತ. ಮೂರನೆಯ ದಿನ ಮೇಜಿನ ಅಂಚಿನಲ್ಲಿ ಅರವತ್ತಮೂರು ಸಣ್ಣ ಗೆರೆ ಎಣಿಸಿ, ಇದೇ ಶುಕ್ರನ ಹಾದಿ ಅಂತ ಕಣ್ಣರಳಿಸಿದ.

“ಅದು ನಾನು ಮೀನು ಕೊಚ್ಚಿದ ಗುರುತು,” ಅಂದಳು ಪರಪಿನಾ.

ಎಸ್ಬೆನ್ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡ: ಮೀನು, ಬಹುಶಃ ಶುಕ್ರನ ಸಂಕೇತ.

ನಾಲ್ಕನೆಯ ದಿನ ಮೆರಾಹಿ ಒಲೆಯ ಮುಂದೆ ಮೀನು ಹುರಿಯುತ್ತಿದ್ದಳು. ಅವನು ಒಂದು ಸಾಲು ಇತ್ತ ನಿಂತು ಓದಿ, ಮೇಜು ಸುತ್ತಿಕೊಂಡು ಅತ್ತ ಹೋಗಿ ಮುಂದಿನ ಸಾಲು ಓದಿ, ಮತ್ತೆ ಇತ್ತ ಬಂದ. ಆರು ಸಾಲಿಗೆ ಮೂರು ಸುತ್ತು, ಅದೂ ಹತ್ತಾರು ಸಲ. ಕೊನೆಗೆ ತಲೆ ಸುತ್ತಿ ಸಿಕ್ಕ ಕುರ್ಚಿಯಲ್ಲಿ ಕುಸಿದ. ಅದು ಹನ್ನೊಂದು ವರ್ಷದಿಂದ ಯಾರೂ ಕೂರದ ಪಪಿಯಾನೊನ ಕುರ್ಚಿ. ಯಾಕಪ್ಪಾ ಹೀಗೆ ಸುತ್ತುತ್ತೀಯ ಅಂತ ಮೆರಾಹಿ ಕೇಳಿದಳು. ಹಲಗೆಯಾದರೆ ಪ್ರತಿ ಸಾಲಿಗೂ ತಿರುಗಿಸಿ ಓದಬೇಕು, ಹಾಗೇ ಬರೆದಿರುವುದು, ಒಂದು ಸಾಲು ನೆಟ್ಟಗೆ ಇನ್ನೊಂದು ತಲೆಕೆಳಗೆ. ಮೇಜು ಭಾರ, ತಿರುಗಿಸಲಾಗದು, ಅದಕ್ಕೆ ನಾನೇ ತಿರುಗುತ್ತಿದ್ದೇನೆ ಅಂದ.

ಬಾಣಲೆಯಲ್ಲಿ ಮೀನು ಕರಕಲಾಯಿತು. ಮೆರಾಹಿ ನೋಡಲಿಲ್ಲ. ಚಿಕ್ಕಂದಿನಿಂದ ಅವಳ ಜಾಗ ಮೇಜಿನ ತುದಿ; ಅಲ್ಲಿಂದ ಎಲ್ಲ ಹಕ್ಕಿಗಳೂ ಅಡ್ಡ ಮಲಗಿದ್ದವು, ಅವಳು ಯಾವತ್ತೂ ಓದಲು ಹೋದವಳಲ್ಲ. ಈಗ ಅಮ್ಮನ ಕುರ್ಚಿಯ ಹಿಂದೆ ಹೋಗಿ ನಿಂತಳು. ಮೂರು ಸಾಲು ನೆಟ್ಟಗೆ. ಮಾವನ ಕುರ್ಚಿಯ ಹಿಂದೆ ಹೋಗಿ ಎಸ್ಬೆನ್‌ನ ತಲೆಯನ್ನು ಪಕ್ಕಕ್ಕೆ ಸರಿಸಿ ನೋಡಿದಳು. ಉಳಿದ ಮೂರು ಸಾಲು ನೆಟ್ಟಗೆ. ಮೂರೂ ಮೂರೂ ಆರು. ಹದಿನೈದೂ ಹದಿನೈದೂ ಮೂವತ್ತು. ಅಮ್ಮನನ್ನು ಒಳಗೆ ಕರೆದಳು.

“ಅಮ್ಮ, ರೊಂಗೊರೊಂಗೊ ಹಲಗೆ ಹೇಗೆ ಓದ್ತಾರೆ?”

“ಸಾಲು ಮುಗಿದಾಗೆಲ್ಲ ತಿರುಗಿಸಿಕೊಂಡು. ಅಷ್ಟೂ ಗೊತ್ತಿಲ್ವಾ ನಿಂಗೆ? ಕೆತ್ತೋರ ಮನೆ ಹುಡುಗಿ.”

“ಮತ್ತೆ ಇದನ್ಯಾಕೆ ತಿರುಗಿಸ್ಲಿಲ್ಲ?”

ಪರಪಿನಾ ಮಗಳನ್ನು ಕನಿಕರದಿಂದ ನೋಡಿದಳು. “ತಿರುಗಿಸೋದು ಹಲಗೇನ. ಇದು ಮೇಜು. ಊಟದ ಮೇಜನ್ನ ಯಾರಾದ್ರೂ ತಿರುಗಿಸ್ತಾರೇನೆ?”

ಎದುರಿನ ಸಾಲುಗಳು ಏನಂತ ತಿಳಿದಿದ್ದೆ ಅಂತ ಕೇಳಿದ್ದಕ್ಕೆ, ಅದು ಎದುರು ಕೂತವರ ಪಾಲು, ಅಪ್ಪ ನೋಡಬೇಡ ಅಂದಿದ್ದ, ನಾನು ನೋಡಲಿಲ್ಲ ಅಂದಳು. ಎಪ್ಪತ್ತನಾಲ್ಕು ವರ್ಷದ ಮುದುಕಿ ಅಪ್ಪ ಹೇಳಿದ ಮಾತು ಮೀರಿಲ್ಲ ಅಂತ ಹೆಮ್ಮೆಪಡುವುದನ್ನು ನೋಡಿ ಮೆರಾಹಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಲ್ಲೇ ಎಲ್ಲ ಬಿಡಿಸಿ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಅಮ್ಮ ನಂಬುವುದಿಲ್ಲ, ಮಾವ ಕೇಳಿಸಿಕೊಳ್ಳುವುದೂ ಇಲ್ಲ. ಬಾಯಿ ಮುಚ್ಚಿಕೊಂಡು ಹಂಗಾ ಪಿಕೊ ಬಂದರಿಗೆ ನಡೆದಳು.

ಅಲ್ಲಿ ಕಡಲು ಅಲುಗದೆ ಬಿದ್ದಿತ್ತು. ದೋಣಿಗಳು ಟೂನಾ ತುಂಬಿಕೊಂಡು ಬರುತ್ತಿದ್ದವು. ಪಪಿಯಾನೊ ಮಾತ್ರ ತನ್ನ ದೋಣಿ ಬೋರಲು ಹಾಕಿ ಅದರ ಮೇಲೆ ಕಾಲಾಡಿಸುತ್ತ ಕೂತಿದ್ದ.

“ಮಾವ, ಎಲ್ರೂ ಮೀನು ತಂದ್ರಲ್ಲ.”

“ತರ್ಲಿ. ಖಾಲಿ ದಿನ ಹಿಡಿದ ಮೀನು ಮೀನಲ್ಲ.”

“ಮತ್ತೇನು?”

“ತಪ್ಪು ತಿಳುವಳಿಕೆ.”

ಮನೆಗೆ ಒಬ್ಬ ಪರದೇಶಿ ಬಂದಿದ್ದಾನೆ, ತಾತನ ಮೇಜು ಓದುತ್ತಿದ್ದಾನೆ ಅಂತ ಮೆರಾಹಿ ಹೇಳಿದಳು. ಓದಲಿ, ನನಗೇನು ಅಂದ. ಅಮ್ಮ ಅವನಿಗೆ ದಿನಾ ಬಾಳೆಹಣ್ಣಿನ ಸಿಹಿ ರೊಟ್ಟಿ ಪೊಎ ಮಾಡಿ ಹಾಕುತ್ತಿದ್ದಾಳೆ ಅಂದಳು. ಹಾಕಲಿ ಅಂದ, ಆದರೆ ಕಾಲಾಡಿಸುವುದು ನಿಂತಿತು.

“ನಿನ್ನ ಕುರ್ಚೀಲಿ ಕೂತ್ಕೊಂಡು ಓದ್ತಾನೆ, ಮಾವ.”

“ನನ್ನ ಕುರ್ಚೀಲಾ?”

“ಕಾಲು ಚಾಚ್ಕೊಂಡು.”

ಎಪ್ಪತ್ತೊಂದು ವರ್ಷದವನು ದೋಣಿಯಿಂದ ನೆಗೆದ. ದಾರಿಯಲ್ಲಿ ಅಡ್ಡ ನಿಂತ ಎರಡು ಕುದುರೆಗಳನ್ನು ಬೈದು ಸರಿಸಿಕೊಂಡು, ಮೆರಾಹಿ ಹಿಂದೆ ಓಡುವಷ್ಟು ಬೇಗ ನಡೆದ. ಹನ್ನೊಂದು ವರ್ಷದ ಹೊಸ್ತಿಲನ್ನು ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ. ಕುರ್ಚಿಯ ಮುಂದೆ ನಿಂತು ಎಸ್ಬೆನ್‌ನನ್ನು ಒಂದೇ ನೋಟ ನೋಡಿದ. ಎಸ್ಬೆನ್ ಎದ್ದು ಗೋಡೆಗೆ ಅಂಟಿಕೊಂಡ. ಪಪಿಯಾನೊ ಅಂಗೈಯಿಂದ ಕುರ್ಚಿ ಒರೆಸಿ ಕೂತ. ಆಮೇಲೆ ಎಲ್ಲಿ ಕೂತಿದ್ದೇನೆ ಅನ್ನುವುದು ಹೊಳೆದು ಮುಖ ಕೆಂಪಾಯಿತು, ಆದರೆ ಕೂತಾಗಿತ್ತು.

ಪರಪಿನಾ ಒಲೆಯ ಕಡೆ ತಿರುಗಿ ನಿಂತು, ಯಾರೋ ಬಂದ ಹಾಗಿದೆ, ಕಾಲು ಒರೆಸಿಕೊಂಡು ಬಂದರಾ ಕೇಳು ಅಂತ ಮಗಳಿಗೆ ಹೇಳಿದಳು. ಒಲೆ ಹತ್ತಿರ ಯಾರೋ ಗೊಣಗಿದ ಹಾಗಿದೆ, ಒರೆಸಿದ್ದೀನಿ ಅಂತ ಹೇಳು ಅಂದ ಪಪಿಯಾನೊ. ಮೆರಾಹಿ ಇಬ್ಬರಿಗೂ ಏನೂ ಹೇಳದೆ ಎಸ್ಬೆನ್‌ಗೆ, ಮೊದಲ ಸಾಲು ಓದಪ್ಪಾ ಅಂದಳು.

ಅವನು ಹಕ್ಕಿ, ಈಟಿ, ಶುಕ್ರ ಅಂತ ಶುರುಮಾಡಿದ. ಪಪಿಯಾನೊಗೆ ತಡೆಯಲಾಗಲಿಲ್ಲ. ಯಾವ ಶುಕ್ರ, ಬಾಯ್ಮುಚ್ಚು ಅಂತ ಬೆರಳಿಟ್ಟು ತಾನೇ ಒಪ್ಪಿಸಿದ. “ಅತಾ, ಅರಿ, ಕೊಕೊರೆ ಒಂದು, ಕೊಕೊರೆ ಎರಡು, ಕೊಕೊರೆ ಮೂರು.”

“ಆಮೇಲೆ?” ಅಂದ ಎಸ್ಬೆನ್.

“ಆಮೇಲೆ ಐದು ಇರುಳು ಖಾಲಿ.”

“ಖಾಲಿಯಂತೆ ಖಾಲಿ,” ಅಂದಳು ಪರಪಿನಾ ಗೋಡೆಗೆ. “ಕೊಕೊರೆ ನಾಲ್ಕು, ಕೊಕೊರೆ ಐದು, ಕೊಕೊರೆ ಆರು, ಮಹಾರು, ಹುವಾ.”

ಮೂರಾದ ಮೇಲೆ ನಾಲ್ಕು ಬರುತ್ತದೆ ಅನ್ನುವುದು ಸಣ್ಣ ಮಕ್ಕಳಿಗೂ ಗೊತ್ತು.

“ಅಮ್ಮ, ಇಷ್ಟು ವರ್ಷ ನಾಲ್ಕರಿಂದ ಎಣಿಸ್ತಿದ್ಯಲ್ಲ. ಒಂದು ಎರಡು ಮೂರು ಎಲ್ಲಿ ಹೋದವು ಅಂತ ಕೇಳ್ಕೊಳ್ಲೇ ಇಲ್ವಾ?”

“ಅಪ್ಪ ಹೇಳ್ಕೊಟ್ಟಿದ್ದಕ್ಕೆ ಎದುರು ಮಾತಾಡೋಕಾಗತ್ತಾ?” ಅಂದಳು ಪರಪಿನಾ. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಿರಲಿಲ್ಲ. ಕೈ ಒರೆಸಿಕೊಂಡು ಮೆಲ್ಲಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು.

ಪಪಿಯಾನೊ ಮೂರನೆಯ ಸಾಲಿಗೆ ಬೆರಳಿಟ್ಟ. ಅತುವಾ, ಹೊತು, ಮೌರೆ, ಇನಾ ಇರಾ, ರಾಕಾಉ ಅಂತ ಹೇಳಿ ನಿಂತ. ಪರಪಿನಾ ಓಮೊತೊಹಿ ಅಂತ ಎತ್ತಿಕೊಂಡಳು. ಮೆರಾಹಿಗೆ ಏನನ್ನಿಸಿತೋ, ಗೂಟದಲ್ಲಿದ್ದ ತಾತನ ಮರದ ಚಮಚ ತಂದು ಸಾಲು ಮುಗಿದಾಗೆಲ್ಲ ಒಂದು ಸಲ ಮೇಜು ಕುಟ್ಟಿದಳು. ಇಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತು, ಮೀನಿಗೆ ಕಾಯುವ ಮಕ್ಕಳ ಹಾಗೇ ಒಪ್ಪಿಸುತ್ತ ಹೋದರು. ಕೊನೆಯ ಇರುಳು, ಚಂದ್ರನೇ ಇಲ್ಲದ್ದು, ಪರಪಿನಾ ಪಾಲಿಗಿತ್ತು. ಅದನ್ನು ಹೇಳಿ ಅವಳು ತಮ್ಮನ ಮುಖ ನೋಡಿದಳು.

“ಹನ್ನೊಂದು ವರ್ಷ ಹುಣ್ಣಿಮೆನೆಲ್ಲ ನೀನೊಬ್ಬಳೇ ಇಟ್ಕೊಂಡಿದ್ಯಲ್ಲೇ, ಅಕ್ಕ,” ಅಂದ ಪಪಿಯಾನೊ.

“ಬಿದಿಗೆ ಚಂದ್ರನ್ನ ಎತ್ಕೊಂಡು ಹೋದೋನು ನೀನು. ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿಬಂದೆ, ಗೊತ್ತಾ?”

ನಿಮ್ಮಪ್ಪ ಬೇಕಂತಲೇ ಹೀಗೆ ಮಾಡಿರಬೇಕು, ನೀವಿಬ್ಬರೂ ಒಟ್ಟಿಗಿರಲಿ ಅಂತ, ಅಂದ ಎಸ್ಬೆನ್ ಕಣ್ಣೊರೆಸಿಕೊಳ್ಳುತ್ತ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. ಅಪ್ಪನಿಗೆ ಮೇಜು ತಿರುಗಿಸೋಕೆ ಸೋಮಾರಿತನ ಅಷ್ಟೇ ಅಂದಳು ಪರಪಿನಾ. ಶುದ್ಧ ಸೋಮಾರಿ ಅಂತ ಪಪಿಯಾನೊ ದನಿಗೂಡಿಸಿದ. ಹನ್ನೊಂದು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಎರಡನೆಯದು ಬರಲಿಲ್ಲ. ಹಾಗಾದರೆ ಮದುವೆ ರಾಕಾಉ ಇರುಳು ಅಂದ ಪಪಿಯಾನೊ. ಎರಡೂ ಸರಿ ಅಂತಾದ ಮೇಲೆ ಹಿರಿಯಳ ಮಾತು ನಡೆಯಬೇಕು, ಓಮೊತೊಹಿ ಅಂದಳು ಪರಪಿನಾ. ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ಅವಳು ಎದ್ದು ನಿಂತಳು. ಮೆರಾಹಿ ಚಮಚ ಕುಟ್ಟಿದ ರಭಸಕ್ಕೆ ಅದು ಎರಡು ತುಂಡಾಯಿತು.

“ಕೂತ್ಕೊಳ್ಳಿ ಇಬ್ರೂ. ನಂಗೆ ನಲವತ್ತೆಂಟು. ತೆಪಾನೊಗೆ ಐವತ್ತೆರಡು. ಇನ್ನು ಮೂರು ವರ್ಷ ಕಾಯೋಕೆ ನನ್ನ ಕೈಲಾಗಲ್ಲ. ರಾಕಾಉ ಮುಗಿಯೋದು ಯಾವಾಗ?”

“ಹೊತ್ತು ಮುಳುಗಿದಾಗ,” ಅಂದ ಪಪಿಯಾನೊ, ಸಣ್ಣಗೆ.

“ಓಮೊತೊಹಿ ಶುರುವಾಗೋದು?”

“ಹೊತ್ತು ಮುಳುಗಿದಾಗ,” ಅಂದಳು ಪರಪಿನಾ.

“ಹಾಗಾದ್ರೆ ಮಾವ ಮಧ್ಯಾಹ್ನ ಬೆಂಕಿ ಇಟ್ಟು ಹೊತ್ತು ಮುಳುಗೋ ಮುಂಚೆ ಮಣ್ಣು ಮುಚ್ಲಿ. ಹೊತ್ತು ಮುಳುಗಿದ ಮೇಲೆ ಅಮ್ಮ ಮಣ್ಣು ತೆಗೀಲಿ. ಒಂದೇ ಉಮು. ಇನ್ನೊಂದು ಮಾತು ಆಡಿದ್ರೆ ನಾನು ಎಸ್ಬೆನ್‌ನ ಮದುವೆ ಆಗಿ ಡೆನ್ಮಾರ್ಕಿಗೆ ಹೋಗ್ತೀನಿ.”

ಗೋಡೆಗೆ ಅಂಟಿಕೊಂಡಿದ್ದ ಎಸ್ಬೆನ್ ಇನ್ನಷ್ಟು ಅಂಟಿಕೊಂಡ. ಪಪಿಯಾನೊ ಕುರ್ಚಿ ಮುಂದಕ್ಕೆ ಎಳೆದುಕೊಂಡ, ಪರಪಿನಾ ಕೂತಳು.

ಮುಂದಿನ ಹುಣ್ಣಿಮೆಗೆ ಮದುವೆಯಾಯಿತು. ಬೆಳಗ್ಗೆ ಇಗರ್ಜಿಯಲ್ಲಿ ತೆಪಾನೊ ಟೋಪಿ ಹಿಡಿದುಕೊಂಡು ಅತ್ತ. ಮಧ್ಯಾಹ್ನ ಪಪಿಯಾನೊ ಕಲ್ಲು ಕಾಯಿಸಿ, ಹಂದಿ, ಟೂನಾ, ಗೆಣಸು, ಕೆಸುವಿನ ಗೆಡ್ಡೆ ಪೇರಿಸಿ, ಪರಪಿನಾ ಎಲೆಯಲ್ಲಿ ಸುತ್ತಿಕೊಟ್ಟ ಬಿಳಿ ಹುಂಜವನ್ನು ಮೇಲಿಟ್ಟು, ಸೂರ್ಯ ಕಡಲು ಮುಟ್ಟುವ ಮುಂಚೆ ಮಣ್ಣು ಮುಚ್ಚಿದ. ತೆಪಾನೊ ಹುಂಜಕ್ಕಾಗಿ ಇನ್ನೊಂದು ಸಲ ಅತ್ತ. ಸೂರ್ಯ ಅತ್ತ ಇಳಿದ, ಇತ್ತ ಗುಡ್ಡದ ಮೇಲೆ ಚಂದ್ರ ಗುಂಡಗೆ ಎದ್ದ. ಪಪಿಯಾನೊ ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅವನ ಕಡೆ ನೋಡಿ, ದಪ್ಪ ಆಗಿದ್ದಾನೆ ಅಂದ. ಪರಪಿನಾ ಸನಿಕೆ ಎತ್ತಿಕೊಂಡಳು.

ಊರೆಲ್ಲ ಎಲೆ ಹಿಡಿದು ಕೂತಿತು. ಆಗ ಹಿರಿಯರ ಕಾಲದ ಒಂದು ಕಟ್ಟಳೆ ಎದ್ದು ನಿಂತಿತು. ಉಮು ಕೊಟ್ಟವರು ಅದರಿಂದ ತಿನ್ನುವ ಹಾಗಿಲ್ಲ. ತಿಂದರೆ ಶುಭವೆಲ್ಲ ತಿಂದುಹೋಯಿತು. ಕೊಟ್ಟವರು ಯಾರು? ಬೆಂಕಿ ಇಟ್ಟವನು ನಾನು, ಕೊಟ್ಟವನೂ ನಾನೇ ಅಂದ ಪಪಿಯಾನೊ. ಹುಂಜ ನನ್ನದು, ಮಣ್ಣು ತೆಗೆದವಳು ನಾನು, ಕೊಟ್ಟವಳೂ ನಾನೇ ಅಂದಳು ಪರಪಿನಾ. ಒಬ್ಬರೂ ಬಿಟ್ಟುಕೊಡಲಿಲ್ಲ. ಹೀಗೆ ಇಬ್ಬರೂ ಉಪವಾಸ ಬಿದ್ದು, ಹಂದಿಯ ಘಮ ಮೂಗಿಗೆ ಹೊಡೆಯುತ್ತಿದ್ದರೂ ತಲೆ ಎತ್ತಿಕೊಂಡು ಮನೆಯೊಳಗೆ ನಡೆದರು. ಹುಂಜವನ್ನು ಅಗಿಯಲಾಗದೆ ಊರಿನ ಹಲ್ಲುಗಳು ಸೋತಿದ್ದು ಅವರಿಗೆ ತಿಳಿಯಲೇ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೆರಾಹಿ ಮದುವೆಯ ಹೂಮಾಲೆಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು. ಇಬ್ಬರೂ ಎದುರುಬದುರು ಕೂತಿದ್ದರು. ನಡುವೆ ಚಿಲಿಯಿಂದ ಹಡಗಿನಲ್ಲಿ ಬಂದ ಒಂದು ಡಬ್ಬಿ ಮೀನು. ಚಮಚ ಒಂದೇ, ಆವತ್ತು ಮುರಿದದ್ದರ ಉಳಿದ ಅರ್ಧ. ಪರಪಿನಾ ಒಂದು ಚಮಚ ತಿಂದು ಡಬ್ಬಿಯನ್ನು ಎದುರಿಗೆ ತಳ್ಳಿದಳು. ಪಪಿಯಾನೊ ಒಂದು ತಿಂದು ಇತ್ತ ತಳ್ಳಿದ. ಡಬ್ಬಿ ಹಕ್ಕಿಗಳ ಮೇಲೆ ಅತ್ತ ಹೋಗಿ ಇತ್ತ ಬರುತ್ತಿತ್ತು. ಮೂಲೆಯಲ್ಲಿ ಎಸ್ಬೆನ್ ಪುಸ್ತಕ ತೆರೆದು ಅದು ಎಷ್ಟು ಸಲ ದಾಟಿತು ಅಂತ ಎಣಿಸುತ್ತಿದ್ದ.

ಕೊನೆಗೆ ಡಬ್ಬಿಯಲ್ಲಿ ಒಂದು ತುಂಡು ಉಳಿಯಿತು. ಸರದಿ ಪಪಿಯಾನೊನದು. ಅವನು ಅದನ್ನು ಚಮಚದಲ್ಲಿ ಎತ್ತಿ, ಅಪ್ಪನ ಭಯಕ್ಕೋ ಏನೋ ಒಂದು ಸಲ ಬಾಗಿಲ ಕಡೆ ನೋಡಿ, ಅಕ್ಕನ ಕಡೆ ಚಾಚಿದ.

“ಅದು ನಿನ್ನ ಪಾಲು ಕಣೋ,” ಅಂದಳು ಪರಪಿನಾ.

“ಗೊತ್ತು. ತಿನ್ನು.”

ಅವಳು ತಿಂದಳು. ಮೆರಾಹಿ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಗಂಡನ ಹತ್ತಿರ ಹೋದಳು.